ರೇವಣಪ್ಪನ ಪಾಳಿ

“ಪಾಳಿ ಯಾರದು?”

ಯಾರನ್ನು ಕೇಳಿದ್ದೆಂದು ತಿಳಿಯಲಿಲ್ಲ. ಗೊಳಸಂಗಿಯ ಮಠದಲ್ಲಿ ಶ್ರಾವಣದ ಪುರಾಣ ಕೇಳಿ ಮನೆಗೆ ಹೊರಟಿದ್ದ ನಾವು ನಾಲ್ಕಾರು ಮಂದಿ, ಮಳೆ ಜೋರಾಗಿ ದಾವಲಮಲಿಕಜ್ಜನ ಪಡಸಾಲೆ ಹೊಕ್ಕಿದ್ದೆವು. ಅಜ್ಜ ನಮಗೆ ಬೆನ್ನು ಮಾಡಿ ಹಿತ್ತಲ ಬಾವಿಯ ಕಡೆ ನೋಡುತ್ತ ಕೂತಿದ್ದ. ಅವನೇ ಕೇಳಿದನೆಂದುಕೊಂಡೆವು. ಮೂಲೆಯಲ್ಲಿ ಸೆರಗು ಹಿಂಡುತ್ತಿದ್ದ ಸುಂದರವ್ವನ ಕೈ ಮಾತ್ರ ನಿಂತಿತು. ಆಕೆಯ ಗಂಡ ರೇವಣಪ್ಪ, ಅಜ್ಜನ ಜೊತೆ ಚಂದ್ರಪುರದ ಕಡೆಯ ಕಲ್ಲಿದ್ದಲ ಗಣಿಗೆ ದುಡಿಯಲು ಹೋಗಿ ತಿರುಗಿ ಬರದವನು.

“ಯಾವ ಪಾಳಿ ಅಜ್ಜಾ, ಕಾಲುವಿ ನೀರಿಂದೇನು? ನೀ ಹೊಲಾ ಮಾರಿ ಯಾ ಕಾಲ ಆತು!” ಎಂದು ನಮ್ಮ ಜೊತೆಗಿದ್ದ ಭಾಗ್ಯಾ ನಕ್ಕಳು.

ಅಜ್ಜ ಮೆಲ್ಲಗೆ ತಿರುಗಿದ.

“ನಗಬ್ಯಾಡವಾ... ಈ ಕಡೆ ಸರದು ಕೂಡ್ರಿ, ಹೇಳ್ತೇನಿ. ನಾನು, ರೇವಣಪ್ಪ, ಇಬ್ರೂ ಆ ಕಲ್ಲಿದ್ದಲ ಖಾಣ್ಯಾಗ ಪಂಪಿನ ಮ್ಯಾಲ ಇದ್ವಿ. ನೆಲದ ಹೊಟ್ಟ್ಯಾಗ ಎಲ್ಲಿ ನೋಡಿದ್ರೂ ನೀರು. ಅದನ್ನ ಎತ್ತಿ ಮ್ಯಾಲ ಚೆಲ್ಲೂದು ನಮ್ಮ ದಗದ. ಅಲ್ಲೊಂದು ರಿವಾಜ ಇತ್ರಿ. ಪಂಪಿನ ಹಂತ್ಯಾಕ ಮಂದಿ ಇಲ್ದಂಗ ಒಂದ ಗಳಿಗಿ ಬಿಡಾಂಗಿಲ್ಲ. ಮ್ಯಾಲಿಂದ ದೀಪದ ಬೆಳಕು ಕಂಡ ಕೂಡ್ಲೆ ಕೆಳಗಿದ್ದಂವ ‘ಪಾಳಿ ಯಾರದು?’ ಅಂತ ಒದರ್ತಿದ್ದ. ಬಂದಂವ ‘ನಂದು’ ಅನಬೇಕು. ಹಂಗಂದ್ರ ಬಂದಂವ ಕೆಳಗ ನಿಂದರಬೇಕು, ಕೆಳಗಿದ್ದಂವ ಮ್ಯಾಲ ಹೋಗಬೇಕು. ಆ ಮಾತು ಕೇಳೂತನ ಕೆಳಗಿನಂವ ಕಾಲ ಕೀಳಾಂವಲ್ಲ, ಮನಿಗೆ ಬೆಂಕಿ ಬಿದ್ರೂ!

ಆವತ್ತು ನಾ ಮೆಟ್ಟಲಾ ಇಳ್ಯಾಕತ್ತಿದ್ನಿ, ರೇವಣಪ್ಪ ಕೇಳಿದ. ಅಷ್ಟರಾಗ ಹಳೇ ಸುರಂಗದಾಗ ಮಡುಗಟ್ಟಿದ ನೀರು ಗ್ವಾಡಿ ಒಡದು ನುಗ್ಗಿತು ನೋಡ್ರಿ... ಆ ಸಪ್ಪಳದಾಗ ನಾ ‘ನಂದು’ ಅಂದ್ನೋ, ಬರೇ ಬಾಯಿ ತೆರದ್ನೋ... ಅಂದಿದ್ರ ಅಂವಗ ಕೇಳಿಸ್ತೋ ಇಲ್ಲೋ... ಇವತ್ತಿಗೂ ತಿಳೀವಲ್ದು. ನಾ ಹೆಂಗ ಮ್ಯಾಲ ಬಂದ್ನಿ, ಅದೂ ತಿಳೀವಲ್ದು. ಅವನ ಹೆಣ ಸೈತ ಸಿಗಲಿಲ್ಲ.

ಖಾಣಿ ಮುಚ್ಚಿದ್ರು, ಪಂಪ ನಿಂದರಿಸಿದ್ರು. ಎತ್ತಾವ್ರು ಇಲ್ದಿದ್ರ ನೀರು ಸುಮ್ಮ ಕುಂದರ್ತೈತೇನು? ಸುರಂಗ ಸುರಂಗ ತುಂಬ್ಕೋತ ಮ್ಯಾಲ ಬಂತು. ಸುತ್ತಲ ಹಳ್ಳ್ಯಾಗ ಬಾವಿ ನೀರು ಜಂಗು ಹಿಡದ ಕಬ್ಬಿಣದಂಗ ಕೆಂಪಾತು, ಬಿಳೇ ಅರಬಿ ಒಗದ್ರ ಕಲಿ ಬೀಳ್ತಿತ್ತು. ಹೊಲ ಅಲ್ಲಲ್ಲೆ ಕುಸದು ತೆಗ್ಗ ಬಿದ್ವು. ಕಂಪನ್ಯಾರು ತೆಗ್ಗಿಗೆ ಮಣ್ಣ ತುಂಬಿ ಬೇವು, ಬಿದಿರು ಹಚ್ಚಿ, ಸಸಿ ಕಾಯಾಕ ನನ್ನ ಇಟ್ರು. ಕೆಳಗ ನೀರು ಎಷ್ಟ ಏರೈತಿ ಅಂತ ಅಳ್ಯಾಕ ನಡುವ ಒಂದು ಪೈಪ ಇಳಿಸಿ ಮುಚ್ಚಳ ಹಾಕಿದ್ರು.

ಒಂದಿನ ಆ ಮುಚ್ಚಳ ತೆಗದ್ನಿ. ಎಲ್ಲೋ ಪಾತಾಳದಾಗಿಂದ... ‘ಪಾಳಿ ಯಾರದು?’

ನನ್ನ ತಲಿನ ಕೆಟ್ಟೈತಿ ಅಂದ್ಕೊಂಡ್ನಿ. ಮುಂದಿನ ಮಳಿಗಾಲಕ್ಕ ನೀರು ಏರಿತು... ದನೀನೂ ಏರಿತು. ಅದರ ಮುಂದಿನ ವರ್ಷ ಪೈಪಿನ ಬಾಯಾಗ ಕುಂತು ಕೇಳಿದಂಗ... ಗಂಟು ಕಟ್ಟಿ ಊರಿಗೆ ಓಡಿ ಬಂದ್ನಿ. ಅಲ್ಲೀ ನೀರು ಇಲ್ಲಿಗೆ ಬರ್ತೈತೇನ್ರಿ? ನಡುವ ಭೀಮಾ ಹೊಳಿ ಐತಿ, ಎಷ್ಟು ಗುಡ್ಡ ಅದಾವ... ಬರಾಂಗಿಲ್ಲ. ಹೌದಲ್ಲೋ?”

ಅಜ್ಜ ಪಕ್ಕದಲ್ಲಿದ್ದ ಕೊಡವನ್ನು ನಮ್ಮ ಕಡೆ ಸರಿಸಿದ. ಬಾವಿಯಿಂದ ಬೆಳಿಗ್ಗೆ ಸೇದಿದ ನೀರಂತೆ. ಬೆರಳದ್ದಿ ದೀಪಕ್ಕೆ ಹಿಡಿದೆ. ತುಕ್ಕಿನ ಕೆಂಪು. ನಮ್ಮೂರ ಮಣ್ಣು ಕಪ್ಪು. ಮಳೆ ತೊಳೆದು ತಂದರೂ ಈ ಬಣ್ಣ ಬರುವುದಿಲ್ಲ. ಧೈರ್ಯಕ್ಕೆಂದು ಸಂಜೆ ಪುರಾಣದಲ್ಲಿ ಕೇಳಿದ ಪದ್ಯವನ್ನು ಮನಸ್ಸಿನಲ್ಲೇ ಹಿಡಿಯಲು ನೋಡಿದೆ. ಎರಡನೆಯ ಸಾಲೇ ತಪ್ಪಿತು.

“ಅದಕ್ಕಽ ಆಗ ಹಂಗ ಕೇಳಿದ್ರೇನ್ರಿ ಅಜ್ಜಾರ, ಪಾಳಿ ಯಾರದು ಅಂತ?” ಎಂದೆ.

“ನಾ ಎಲ್ಲಿ ಕೇಳೇನಿ?” ಅಜ್ಜ ನನ್ನನ್ನೇ ದಿಟ್ಟಿಸಿದ. “ಭಾಗ್ಯಾ ನಗೂತನ ನಾ ಬಾಯೇ ತೆರದಿಲ್ಲ.”

ಎಲ್ಲರೂ ಬಾವಿಯ ಕಡೆ ಕಿವಿಗೊಟ್ಟೆವು. ಮಳೆಯೋ ಮಾತೋ ಗೊತ್ತಾಗಲಿಲ್ಲ. ಸುಂದರವ್ವ ಎದ್ದು ಬಂದು ಅಜ್ಜನ ಕಾಲು ಹಿಡಿದಳು.

“ದಾವಲಣ್ಣಾ, ಒಂದಽ ಮಾತು... ‘ನಂದು’ ಅಂದ ಬಿಡೋ ಯಪ್ಪಾ. ನಮ್ಮನಿಯವರು ಮ್ಯಾಲ ಬರ್ಲಿ. ಎಷ್ಟ ವರ್ಷ ನಿಂದರಬೇಕು ಅವರು ಆ ನೀರಾಗ?”

ಅಜ್ಜ ಕಾಲು ಹಿಂದಕ್ಕೆಳೆದುಕೊಂಡ.

“ಒಲ್ಲೆ ಸುಂದರವ್ವ. ಅನ್ನಾಂಗಿಲ್ಲ.”