ಒಂದು ಅಕ್ಷರ ತಪ್ಪಿದ ಡ್ರೈವರ್

ಬಲ್ಗೇರಿಯಾದ ರೂಸೆ ಊರಿನ ಟ್ರಾಲಿಬಸ್ಸಿನಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ ತಿನ್ನುತ್ತ ಕೂತಿದ್ದ ಸ್ತಾನ್ಕಾಳಿಗೆ ಮುಂದಿನ ಸೀಟಿನ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಂಡತಿ ಲ್ಯಾಪ್‌ಟಾಪನ್ನು ಮಡಿಲಲ್ಲಿ ಅವುಚಿಕೊಂಡಿದ್ದಳು.

“ನಿನ್ನೆ ನಾನೇ ಡ್ರೈವರ್ ಸಾಫ್ಟ್‌ವೇರ್ ಹಾಕಿ ವೈಫೈ ಓಡಿಸಿದ್ದೆ, ಬೋರಿಲ್. ಇವತ್ತು ಆನ್‌ಲೈನ್ ಇಂಟರ್‌ವ್ಯೂ ಹೊತ್ತಿಗೆ ಸರಿಯಾಗಿ ವೈಫೈ ಕಾರ್ಡೇ ಸತ್ತುಹೋಯ್ತು.”

“ಈ ಲಿನಕ್ಸು ಸಿಸ್ಟಮ್ಮು ನಿನ್ನಂಥೋರಿಗಲ್ಲ ಅಂತ ಬಡ್ಕೊಂಡೆ. ಕೇಳಿದ್ಯಾ?”

“ಎಷ್ಟೋ ವರ್ಷದ ಮೇಲೆ ಕೈಗೆ ಬಂದಿದ್ದ ಕೆಲಸ ಕಣೋ. ಕಾದು ಕಾದು ಬೇರೆ ಯಾರನ್ನೋ ತಗೊಂಡ್ರಂತೆ.”

“ಅದಕ್ಕೇನು ಅಳೋದು, ಗೆರ್ಗಾನಾ? ಡ್ರೈವರ್ ಫೈಲಿನ ಹೆಸರಲ್ಲಿ ಒಂದು ಅಕ್ಷರ ತಪ್ಪಿದೆ, ಅಷ್ಟೆ. ತಿದ್ದಿದ್ರೆ ಎದ್ದು ಕೂರುತ್ತೆ.”

ಅವಳು ನಿಧಾನಕ್ಕೆ ಅವನ ಕಡೆ ತಿರುಗಿದಳು.

“ಇವತ್ತು ನೀನು ಇದನ್ನ ಮುಟ್ಟೇ ಇಲ್ಲ. ಹೇಗೆ ಗೊತ್ತು?”

“ನಾನೇ ತಪ್ಪಿಸಿದ್ದು. ನೀನು ಮಲಗಿದ್ಮೇಲೆ.”

“ಯಾಕೆ?”

“ಸಂಬಳ ಬರೋಕೆ ಶುರುವಾದ್ರೆ ನೀನು ನನ್ನ ಮಾತು ಕೇಳ್ತೀಯಾ?”

ಸ್ತಾನ್ಕಾ ತಿನ್ನುವುದನ್ನು ಬಿಟ್ಟಳು. ಅವಳು ಹೆಂಡತಿಯ ಕೈಯನ್ನೇ ನೋಡುತ್ತಿದ್ದಳು. ಅವನ ಕೆನ್ನೆಗೊಂದು ಬಾರಿಸಲಿ ಎಂದು ಕಾಯುತ್ತಿದ್ದಳು.

ಬಸ್ಸು ಮಾರುಕಟ್ಟೆಯ ಹತ್ತಿರ ನಿಂತಿತು.

“ಏಳು, ರಾತ್ರಿ ಅಡಿಗೆಗೆ ಮೆಣಸಿನಕಾಯಿ ತಗೋಬೇಕು,” ಎಂದ ಅವನು.

ಮೆಟ್ಟಿಲ ಬಳಿ ಅವನು ಕೈ ಚಾಚಿದ. ಅವಳು ಅದನ್ನು ಹಿಡಿದುಕೊಂಡೇ ಇಳಿದಳು.