ಸತ್ತವನು ಕಾಫಿ ಕುಡಿದ ಮ್ಯಾಟಿನಿ

ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಮಗಳೇ, ಅಳಿಯಂದಿರೇ, ನಮ್ಮ ಟಾಕೀಸಿನ ಹಳೆಯ ಬಳಗದವರೇ, ಎಲ್ಲರಿಗೂ ನಮಸ್ಕಾರ. ನನ್ನನ್ನು ಅರಿಯದವರಿಗೆ ಹೇಳುತ್ತೇನೆ — ಸಿನಿಮಾಕ್ಕೆ ಇಂಟರ್‌ವೆಲ್ ಎಂಬುದನ್ನು ಕಂಡುಹಿಡಿದವನು ನಾನು. ಅದಕ್ಕೆ ಮುಂಚೆ ಲೋಕದ ಜನರೆಲ್ಲ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ನಗಬೇಡಿ, ಇದು ದುಃಖದ ಸಭೆ. ಸರಿ, ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವನು ಎಂದೇ ಇಟ್ಟುಕೊಳ್ಳಿ.

ನಮ್ಮನ್ನು ಅಗಲಿದ ಆಪರೇಟರಣ್ಣ ಮೇಲೆ ಕ್ಯಾಬಿನ್ನಿನಲ್ಲಿ ಚಿತ್ರ ಓಡಿಸುವವರು, ನಾನು ಕೆಳಗೆ ಬಾಗಿಲಲ್ಲಿ. ಅವರ ಶಿಸ್ತು ನಿಮಗೆ ಗೊತ್ತು. ರೀಲಿನ ಡಬ್ಬಿಗಳನ್ನು ನಂಬರಿನ ಪ್ರಕಾರ ಗೋಡೆಗೆ ಒರಗಿಸಿಡುವರು. ಒದ್ದೆ ಕೈಯಲ್ಲಿ ಯಾರಾದರೂ ಮುಟ್ಟಿದರೆ — ಹೀಗೆ, ಕನ್ನಡಕದ ಮೇಲಿಂದ ಒಂದು ನೋಟ. ಅಷ್ಟೇ. ಅಂಥವರು ಒಂದು ಸಲ, ಒಂದೇ ಸಲ, ರೀಲನ್ನು ಹಿಂದುಮುಂದು ಹಾಕಿದರು. ಏಕೆ? ಈ ಪ್ರಶ್ನೆ ಇಷ್ಟು ವರ್ಷ ನನ್ನ ತಲೆಯನ್ನು ಹುಳದ ಹಾಗೆ ಕೊರೆಯಿತು.

ಅದೊಂದು ಕಪ್ಪುಬಿಳುಪಿನ ಕೊಲೆಯ ಚಿತ್ರ. ದಪ್ಪ ಕಾದಂಬರಿಯೊಂದನ್ನು ಆಧರಿಸಿದ್ದು. ತೆರೆಯ ತುಂಬಾ ನೆರಳು — ಟೋಪಿಯ ನೆರಳು, ಕಿಟಕಿ ಸರಳಿನ ನೆರಳು, ಸಿಗರೇಟಿನ ಹೊಗೆಗೂ ಒಂದು ನೆರಳು. ಗಡಿಯಾರ ರಿಪೇರಿಯವನನ್ನು ಅವನ ಅಂಗಡಿಯಲ್ಲೇ ಯಾರೋ ಕೊಲ್ಲುತ್ತಾರೆ. ಹೆಂಡತಿಯೋ, ಮಹಡಿಯ ಬಾಡಿಗೆಯವನೋ? ಮೊದಲ ಮ್ಯಾಟಿನಿ. ಗಡಿಯಾರದವನು ಸತ್ತ, ಹೆಣ ಸಾಗಿಸಿದರು. ಮರುಕ್ಷಣವೇ ತೆರೆಯ ಮೇಲೆ ಅವನೇ — ಕುರ್ಚಿ ಎಳೆದುಕೊಂಡು ಕೂತು, ಆರಾಮವಾಗಿ ಕಾಫಿ ಕುಡಿಯುತ್ತಿದ್ದಾನೆ.

ಜನ ಇದೂ ಕಥೆಯೇ ಎಂದುಕೊಂಡು ನೋಡುತ್ತಿದ್ದರು. ನಮ್ಮ ಯಜಮಾನರಾದ ಸಾಹುಕಾರರು ಮಾತ್ರ ಆ ಚಿತ್ರವನ್ನು ಬೇರೆ ಊರಲ್ಲಿ ನೋಡಿದ್ದರು. ಧಡಧಡ ಮೆಟ್ಟಿಲು ಹತ್ತಿದರು. ಹಿಂದೆಯೇ ನಾನು — ಕುತೂಹಲ, ತಡೆಯಲಾಗಲಿಲ್ಲ.

"ಏನಯ್ಯಾ, ಕಣ್ಣು ಎಲ್ಲಿಟ್ಟಿದ್ದೀಯ? ನಾಲ್ಕನೇ ರೀಲಿಗೆ ಮುಂಚೆ ಐದನೇದು ಓಡಿಸಿದೀಯ."

"ಡಬ್ಬಿ ಮೇಲಿನ ನಂಬರೇ ತಪ್ಪು ಸಾಹುಕಾರ್ರೇ. ಕಥೆ ನಂಗೆ ಗೊತ್ತು."

"ನಿಂಗ್ಯಾರು ಹೇಳಿದ್ದು ಕಥೆ?"

ಆಪರೇಟರಣ್ಣ ಬಾಯಿ ತೆರೆದರು — ಮುಚ್ಚಿದರು. "ಕೈ ತಪ್ಪಿತು, ಬಿಡಿ" ಎಂದರು.

"ಒಬ್ಬನೇ ಒಬ್ಬ ದುಡ್ಡು ವಾಪಸ್ ಕೇಳಿದ್ರೂ ನಾಳೆಯಿಂದ ನೀನು ಮನೇಲೇ ಇರು."

ಆಗ ಈ ಮಗಳು ಅತ್ತಿಗೆಯ ಹೊಟ್ಟೆಯಲ್ಲಿ. ಇದ್ದದ್ದು ಬಾಡಿಗೆಯ ಒಂದು ಕೋಣೆ. ಕೆಲಸ ಹೋದರೆ ಗತಿಯೇನು? ನಾನು ಗೇಟಿಗೆ ಓಡಿದೆ. ಬಂದೇ ಬಂದ ಒಬ್ಬ ದಢೂತಿ ಆಸಾಮಿ, ಹೆಂಡತಿಯನ್ನೂ ಮಗುವನ್ನೂ ಎಳೆದುಕೊಂಡು.

"ಸತ್ತೋನು ಕೂತು ಕಾಫಿ ಕುಡೀತಾನಂತೆ. ನಾವೇನು ಕಿವಿ ಮೇಲೆ ಹೂ ಇಟ್ಕೊಂಡು ಬಂದಿದೀವಾ? ಕೊಡಯ್ಯಾ ದುಡ್ಡು."

"ಮೆತ್ತಗೆ ಮಾತಾಡಪ್ಪಾ ದೊರೆ, ನಿನ್ ಕಾಲಿಗೆ ಬೀಳ್ತೀನಿ" ಎಂದು ನನ್ನ ಜೇಬಿನಿಂದಲೇ ಕೊಟ್ಟು ಸಾಗಹಾಕಿದೆ.

ಆಟ ಬಿಟ್ಟಿತು. ಜನ ಮನೆಗೆ ಹೋಗಬೇಕಲ್ಲ? ಸೈಕಲ್ ಸ್ಟ್ಯಾಂಡಿನಲ್ಲೇ ಜಗಳ. "ಅವ್ನು ಸಾಯ್ಲೇ ಇಲ್ಲ ಕಣೋ." "ಅದು ಹೆಂಡ್ತಿ ಕನಸು, ಮಂಕೇ." ಜಗಳ ತೀರಿಸಿಕೊಳ್ಳಲು ಮುಂದಿನ ಆಟಕ್ಕೂ ಟಿಕೆಟ್ ತೆಗೆದರು. ಯಾರಾದರೂ ವಾಪಸ್ ಕೇಳಿದರಾ ಎಂದರು ಸಾಹುಕಾರರು. ಒಂದು ನರಪಿಳ್ಳೆಯೂ ಇಲ್ಲ ಎಂದೆ. "ಹಾಗಾದ್ರೆ ವಾರವೆಲ್ಲ ಹೀಗೇ ಓಡ್ಲಿ."

ಕಥೆ ಹೇಳಿದವರು ಯಾರು ಎಂದು ಆಪರೇಟರಣ್ಣನನ್ನು ಎಷ್ಟು ಕೆದಕಿದರೂ ಜಪ್ಪಯ್ಯ ಎನ್ನಲಿಲ್ಲ. ಮೊನ್ನೆ ಮನೆಗೆ ಹೋದಾಗ ಅತ್ತಿಗೆಯನ್ನೇ ಕೇಳಿದೆ. ಹೇಳಲೇ ಅತ್ತಿಗೆ? — ತಲೆ ಆಡಿಸಿದರು, ಹೇಳುತ್ತೇನೆ.

"ನಾನೇ ಕಣಪ್ಪಾ. ಚಿತ್ರ ಓಡಿಸೋ ಮುಂಚೆ ಕಥೆ ಗೊತ್ತಿರ್ಬೇಕು ಅನ್ನೋದು ಅವರ ಹಟ, ಓದು ಮಾತ್ರ ಅಷ್ಟಕ್ಕಷ್ಟೆ. ಲೈಬ್ರರಿ ಪುಸ್ತಕ ತಂದು ಓದಿ ಹೇಳಿದೆ. ಹೊಲಿಗೆ ಬಿಚ್ಚಿ ಒಂದು ಕಂತೆ ಹಾಳೆ ಕೆಳಗೆ ಬಿದ್ದಿತ್ತು. ಪುಟದ ನಂಬರ್ ಯಾರು ನೋಡ್ತಾರೆ? ಕೊಲೆ ಆದ ಮೇಲೆ ತುರುಕಿಬಿಟ್ಟೆ. ಸತ್ತೋನು ಮತ್ತೆ ಮಾತಾಡ್ತಾನಲ್ಲೇ ಅಂತ ಅವರು ಕೇಳಿದ್ರು. ಕಾದಂಬರಿ ಅಂದ್ರೆ ಹಾಗೇ ಇರತ್ತೆ ಅಂದೆ."

"ಆಮೇಲೆ?"

"ಅವತ್ತು ಬಂದು ಪುಸ್ತಕ ತಿರುವಿ ತಿರುವಿ ನೋಡಿದ್ರು. 'ಚೆನ್ನಾಗಿ ಓದಿದ್ದೆ ಕಣೇ' ಅಂದು ಊಟಕ್ಕೆ ಕೂತ್ರು."

ನೋಡಿ ಮಹನೀಯರೇ — ಡಬ್ಬಿಯ ನಂಬರಿಗಿಂತ ಹೆಂಡತಿಯ ಓದನ್ನು ನಂಬಿದ ಮನುಷ್ಯ. ಅನ್ನಕ್ಕೇ ಕುತ್ತು ಬಂದಾಗಲೂ ಅವಳ ಹೆಸರೆತ್ತಲಿಲ್ಲ. ಅಂದು ಕ್ಯಾಬಿನ್ನಿನಲ್ಲಿ ಬೈಗುಳ ತಿಂದದ್ದು ಅತ್ತಿಗೆಗೆ ತಿಳಿದದ್ದು ಮೊನ್ನೆ, ನನ್ನ ಬಾಯಿಂದ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಆಪರೇಟರಣ್ಣ ಒಂದು ಜನ್ಮ ಕಾಪಾಡಿದ ಆ ಮೌನವನ್ನು ನಾವು ಒಂದೇ ನಿಮಿಷ ಕಾಪಾಡೋಣ. ನನಗೆ ಅಷ್ಟೂ ಕಷ್ಟ. ಅದಕ್ಕೇ ಬಾಯಿ ಮುಚ್ಚುವ ಮುನ್ನ ಹೇಳಿಬಿಡುತ್ತೇನೆ — ಆ ದಢೂತಿಯನ್ನು ಸಾಗಹಾಕಲು ತಿಂಗಳ ಸಂಬಳವನ್ನೇ ಸುರಿದೆ ಎಂದು ಆಪರೇಟರಣ್ಣ ಸಾಯುವ ತನಕ ಅವರ ಮುಂದೆ ಕೊಚ್ಚಿಕೊಂಡೆ. ನಾನು ಕಳೆದುಕೊಂಡದ್ದು ಅಗ್ಗದ ಬೆಂಚಿನ ಎರಡು ಟಿಕೆಟ್ಟಿನ ದುಡ್ಡು, ಮಗುವಿನದೊಂದು ಅರ್ಧ ಟಿಕೆಟ್ಟಿನದು.