ಬೆಟ್ಟಸ್ವಾಮಿ ಬರೆದ ಎನ್ಕೋಮಿಯಂ

ಹಲೋ... ಯಾರ್ರೀ ಮಾತಾಡೋದು? ಸ್ವಲ್ಪ ಜೋರಾಗಿ ಹೇಳ್ರೀ... ಹಾಂ, ತಿಪಟೂರೇ ಕಣ್ರೀ. ಕೊಬ್ಬರಿ ಮಂಡಿ ಬೆಟ್ಟಸ್ವಾಮಿ.

...

ಅಯ್ಯೋ, ಶ್ರೀರಂಗಯ್ಯ ಮೇಷ್ಟ್ರಾ? ತುಮಕೂರಿಂದ ಟ್ರಂಕ್ ಕಾಲ್ ಮಾಡಿದ್ದೀರಾ? ಎದ್ದು ನಿಂತ್ಕಂಡೆ ಸಾರ್. ನಾಳೆ ನಿಮ್ಮ ಸನ್ಮಾನ ಅಲ್ವಾ, ಚಪ್ಪರ ಹಾಕಿಸ್ತಾ ಇದ್ದೆ.

...

ಬಿನ್ನವತ್ತಳೆ ಪ್ರತಿ ತಲುಪ್ತಾ? ... ನಾನೇ ಬರೆದು ಅಚ್ಚು ಹಾಕ್ಸಿದ್ದು ಸಾರ್. ಮೇಲ್ಗಡೆ ದಪ್ಪಕ್ಷರದಲ್ಲಿ ‘ಎನ್ಕೋಮಿಯಂ’ ಅಂತ ಹಾಕ್ಸಿದ್ದೂ ನಾನೇ.

...

ಅರ್ಥವಾ? ಹೊಗಳಿಕೆ, ಅಲ್ವಾ? ... ಎಲ್ಲಿಂದ ಬಂತೋ ಗೊತ್ತಿಲ್ಲ. ಡಿಕ್ಷನರೀಲಿ ಗಂಭೀರವಾಗಿ ಕಾಣ್ತು, ಎತ್ಕಂಡೆ. ಇಂಗ್ಲಿಷಲ್ಲಿ ಮೂರು ಸಲ ಫೇಲಾದೋನ ಕೈಗೆ ಡಿಕ್ಷನರಿ ಸಿಕ್ಕಿದ್ರೆ ಇಷ್ಟೇ ಬುಡಿ.

...

ಗ್ರೀಕರದ್ದಾ? ... ಆಟದಲ್ಲಿ ಗೆದ್ದೋನ್ನ ಮೆರವಣಿಗೆ ಮಾಡ್ತಾ, ಕುಣ್ಕಂಡು ಹಾಡ್ತಿದ್ದ ಹಾಡು... ಹಾಂ, ಆಮೇಲೆ ಹೊಗಳೋ ಭಾಷಣಕ್ಕೆಲ್ಲ ಅದೇ ಹೆಸರಾಯ್ತು. ... ಅವನು ಗೆದ್ದಿದ್ದನ್ನೇ ಹಾಡ್ಬೇಕು, ಇನ್ನೊಬ್ಬ ಗೆದ್ದಿದ್ದನ್ನಲ್ಲ. ಸರಿ ಸಾರ್. ಯಾಕೆ ಸಾರ್?

...

ಮೂರನೇ ಸಾಲಾ? ತಡೀರಿ, ಇಲ್ಲೇ ಇದೆ... ‘ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವನ್ನು ನಿರ್ಮೂಲಗೊಳಿಸಿದ ಮಹನೀಯರೇ’... ಅಯ್ಯೋ ಶಿವನೇ. ಇದು ಹೋದ ವರ್ಷ ಕೃಷಿ ಆಫೀಸರಿಗೆ ಬರೆದಿದ್ದು. ಎಲ್ಲಾರಿಗೂ ಒಂದೇ ಬಿನ್ನವತ್ತಳೆ ಸಾರ್, ಹೆಸರು ಬದಲಾಯಿಸಿ ನಡೆಸ್ತೀನಿ. ಈ ಸಲ ಹುಳ ತೆಗೆಯೋದು ಮರೆತೆ. ಗಾಜು, ಕಟ್ಟು ಎಲ್ಲ ಹಾಕ್ಸಿ ಆಯ್ತು. ನನ್ನಂಥ ದಡ್ಡನ್ನ ನೀವೂ ಕಂಡಿರಲ್ಲ.

...

ಬರೋದೇ ಇಲ್ವಾ? ಹಂಗನ್ಬೇಡಿ ಸಾರ್. ... ಬಾಡಿಗೆ ಹೊಗಳಿಕೆ ಬೇಡ, ಒಪ್ಪಿದೆ. ... ನಾನು ಕಣ್ಣಾರೆ ಕಂಡಿದ್ದು ಹೇಳ್ಬೇಕಾ? ಈಗಲಾ?

...

ಮೂರನೇ ಸಲ ಫೇಲಾದಾಗ ನಮ್ಮಪ್ಪ ಬಾರುಕೋಲು ಎತ್ಕಂಡಿದ್ರು. ನೀವು ನಮ್ಮ ಕೊಬ್ಬರಿ ಅಟ್ಟದ ಕೆಳಗೆ ಅಡ್ಡ ನಿಂತು, ‘ಪಾಠ ಮಾಡಿದೋನು ನಾನು, ಫೇಲಾಗಿರೋನೂ ನಾನೇ, ನನಗೆ ಹೊಡೀರಿ’ ಅಂದ್ರಿ. ಅವತ್ತಿಂದ ನೀವಂದ್ರೆ ನನಗೆ ಪ್ರಾಣ ಸಾರ್. ಅದನ್ನೇ ಬರೆಯೋಕೆ ಕೂತೆ. ಒಂದು ಸಾಲಿಗೇ ಅಳು ಬಂತು. ನಾಚಿಕೆಯಾಗಿ ಹಳೇದನ್ನೇ ಪ್ರೆಸ್ಸಿಗೆ ಕೊಟ್ಟೆ.

...

ಸಾರ್? ಇದ್ದೀರಾ? ... ಯಾರು, ಆಪರೇಟರಾ? ಮೂರು ನಿಮಿಷ ಆಯ್ತಾ? ಒಂದೇ ಒಂದು ಮಾತು, ತಡಿಯಮ್ಮ... ಸಾರ್, ಬತ್ತೀರಾ?

...

ಯಾವ ಬಸ್ಸಾ? ... ಏಳೂವರೆದು ಹತ್ಕಳಿ ಸಾರ್, ನಾನೇ ಸ್ಟ್ಯಾಂಡಲ್ಲಿ ಕಾಯ್ತಿರ್ತೀನಿ. ಅಚ್ಚಾಗಿರೋದು ಓದಲ್ಲ. ಮೈಕ್ ಮುಂದೆ ಅತ್ರೂ ಸರಿ, ನಾನು ಇದನ್ನೇ ಹೇ... ಹಲೋ? ಸಾರ್? ಹಲೋ...